ಬಲ, ಚಲನೆ, ಶಕ್ತಿ: ಶಿವಾಜಿನಗರದ ಬಸ್ಸಿನಿಂದ ಊರಿನ ನೀರಿನ ಟ್ಯಾಂಕಿನವರೆಗೆ

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಅವಗಾಹನೆಗೆ.

ಈ ಪಾಠವನ್ನು ಎರಡು ಉದ್ದೇಶಗಳಿಂದ ಸಿದ್ಧಪಡಿಸಲಾಗಿದೆ. ಅರಿವು ಕೇಂದ್ರಗಳಿಗೆ ಬರುವ ಪ್ರೌಢಶಾಲೆಯ ಮಕ್ಕಳೊಡನೆ ಸದಸ್ಯರು ಕುಳಿತು, ಭೌತವಿಜ್ಞಾನದ ಮೊದಲ ಪರಿಕಲ್ಪನೆಗಳನ್ನು ಮಾತನಾಡಲು ಅನುಕೂಲವಾಗಲಿ ಎಂಬುದು ಒಂದು. ಪ್ರತಿ ತಿಂಗಳೂ ಸಭೆಯ ಮುಂದೆ ಬರುವ ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಿಲ್ಲನ್ನು ಅಂಗೀಕರಿಸುವ ಮುನ್ನ, ಅದರಲ್ಲಿ ನಮೂದಾದ ಯೂನಿಟ್ಟುಗಳು ಯಾವ ಕೆಲಸಕ್ಕೆ ಖರ್ಚಾದವು ಎಂದು ಸದಸ್ಯರು ತಾವೇ ಲೆಕ್ಕ ಹಾಕಿ ನೋಡುವಂತಾಗಲಿ ಎಂಬುದು ಇನ್ನೊಂದು. ಎರಡಕ್ಕೂ ಬೇಕಾದ ವಿದ್ಯೆ ಒಂದೇ. ಗುಣಾಕಾರ, ಭಾಗಾಕಾರ ಬಲ್ಲವರು ಇದನ್ನು ಪೂರ್ತಿಯಾಗಿ ಅನುಸರಿಸಬಹುದು.

ಬಸ್ಸಿನಲ್ಲಿ ನಿಂತವರು

ಬೆಂಗಳೂರು ಪೂರ್ವ ತಾಲ್ಲೂಕಿನ ಸದಸ್ಯರಲ್ಲಿ ಅನೇಕರು ಶಿವಾಜಿನಗರದ ಬಸ್ ನಿಲ್ದಾಣವನ್ನು ಬಲ್ಲವರು. ಸಂತೆ, ಆಸ್ಪತ್ರೆ, ಕಚೇರಿ ಕೆಲಸಗಳನ್ನು ಮುಗಿಸಿಕೊಂಡು ಹಲಸೂರು, ಹಳೆ ಮದ್ರಾಸು ರಸ್ತೆ, ಕೃಷ್ಣರಾಜಪುರದ ಮಾರ್ಗವಾಗಿ ಊರಿಗೆ ಮರಳುವಾಗ, ಆಸನ ಸಿಗದೆ ನಿಂತು ಪ್ರಯಾಣಿಸಿದ ಅನುಭವ ಎಲ್ಲರಿಗೂ ಇದೆ. ಬಸ್ಸು ಹೊರಟ ಕ್ಷಣದಲ್ಲಿ ನಿಂತವರು ಹಿಂದಕ್ಕೆ ವಾಲುತ್ತಾರೆ. ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ಯಾರೂ ಅವರನ್ನು ತಳ್ಳಿರುವುದಿಲ್ಲ. ನಿಂತಿದ್ದ ದೇಹವು ನಿಂತೇ ಇರಲು, ಚಲಿಸುತ್ತಿದ್ದ ದೇಹವು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಮುಂದುವರಿಯಲು ತೊಡಗಿದ್ದರ ಪರಿಣಾಮ ಇದು. ವಸ್ತುಗಳ ಈ ಗುಣಕ್ಕೆ ಜಡತ್ವವೆಂದು ಹೆಸರು. ಹೊರಗಿನಿಂದ ಬಲವೊಂದು ವರ್ತಿಸುವವರೆಗೆ ವಸ್ತುವಿನ ಸ್ಥಿತಿ ಬದಲಾಗದು ಎಂಬ ಈ ಮಾತೇ 1687ರಲ್ಲಿ ಐಸಾಕ್ ನ್ಯೂಟನ್ ಪ್ರಕಟಿಸಿದ ಚಲನೆಯ ಮೂರು ನಿಯಮಗಳಲ್ಲಿ ಮೊದಲನೆಯದು.

ಮಕ್ಕಳು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಲೂಬೇಕು: ತಳ್ಳುವುದನ್ನು ಬಿಟ್ಟರೆ ತಳ್ಳುಗಾಡಿ ನಿಂತುಬಿಡುತ್ತದಲ್ಲ, ಹಾಗಾದರೆ ಚಲಿಸುವುದು ಚಲಿಸುತ್ತಲೇ ಇರುವುದೆಲ್ಲಿ? ರಸೆಲ್ ಮಾರುಕಟ್ಟೆಯ ಸುತ್ತ ತರಕಾರಿ ಮೂಟೆ ಹೇರಿದ ತಳ್ಳುಗಾಡಿಗಳನ್ನು ಒಂದು ಗಳಿಗೆ ನಿಂತು ನೋಡಿದವರಿಗೆ ಉತ್ತರ ಸಿಗುತ್ತದೆ. ಗಾಡಿಯನ್ನು ಕದಲಿಸುವಾಗ ತಳ್ಳುವವರು ಮೈಯನ್ನೆಲ್ಲ ಬಗ್ಗಿಸಿ ಬಲ ಹಾಕುತ್ತಾರೆ. ಗಾಡಿ ಉರುಳತೊಡಗಿದ ಮೇಲೆ ಕೈಯಾನಿಸಿ ನಡೆದರೆ ಸಾಕು. ಆ ಸ್ವಲ್ಪ ಬಲವೂ ಗಾಡಿಯನ್ನು ಚಲನೆಯಲ್ಲಿಡಲು ಬೇಕಾದದ್ದಲ್ಲ, ಗಾಲಿ, ಅಚ್ಚು ಮತ್ತು ನೆಲದ ನಡುವಿನ ಘರ್ಷಣೆಯನ್ನು ಸರಿದೂಗಿಸಲು ಬೇಕಾದದ್ದು. ಘರ್ಷಣೆಯೂ ಒಂದು ಬಲ. ಗಾಡಿಯನ್ನು ನಿಲ್ಲಿಸುವುದು ಅದೇ. ಅಚ್ಚಿಗೆ ಎಣ್ಣೆ ಬಿಟ್ಟ ಗಾಡಿ ಹೆಚ್ಚು ದೂರ ಉರುಳುತ್ತದೆ ಎಂಬುದನ್ನು ಮಕ್ಕಳೇ ಪರೀಕ್ಷಿಸಿ ನೋಡಬಹುದು.

ಹಾಗೆಂದು ಘರ್ಷಣೆ ಶತ್ರುವೇನೂ ಅಲ್ಲ. ಮಾರುಕಟ್ಟೆಯ ಒದ್ದೆ ನೆಲದಲ್ಲಿ ಕಾಲು ಜಾರಿದರೆ ಎಂಥ ಗಟ್ಟಿಗರೂ ಗಾಡಿಯನ್ನು ತಳ್ಳಲಾರರು. ನಾವು ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ನಮ್ಮನ್ನು ಅಷ್ಟೇ ಬಲದಿಂದ ಮುಂದಕ್ಕೆ ಒತ್ತುತ್ತದೆ. ಇದು ಮೂರನೆಯ ನಿಯಮ.

ಎರಡನೆಯ ನಿಯಮವೇ ಲೆಕ್ಕಕ್ಕೆ ಬರುವಂಥದು. ವಸ್ತುವಿನ ದ್ರವ್ಯರಾಶಿಯನ್ನು, ಪ್ರತಿ ಸೆಕೆಂಡಿಗೆ ಅದರ ವೇಗ ಎಷ್ಟು ಬದಲಾಯಿತು ಎಂಬುದರಿಂದ, ಅಂದರೆ ವೇಗೋತ್ಕರ್ಷದಿಂದ ಗುಣಿಸಿದರೆ ಬಲ ದೊರೆಯುತ್ತದೆ. ಬಲದ ಮಾನ ನ್ಯೂಟನ್. ನೂರು ಗ್ರಾಂ ತೂಗುವ ಒಂದು ಟೊಮೆಟೊ ಅಂಗೈಯನ್ನು ಒತ್ತುವ ಬಲ ಸುಮಾರು ಒಂದು ನ್ಯೂಟನ್. 200 ಕಿಲೋಗ್ರಾಂ ಗಾಡಿಯ ವೇಗವನ್ನು ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಹೆಚ್ಚಿಸಬೇಕಾದರೆ, ಘರ್ಷಣೆಯನ್ನು ಬಿಟ್ಟು, 100 ನ್ಯೂಟನ್ ಬಲ ಬೇಕು. ಅದೇ ಬದಲಾವಣೆಯನ್ನು ಹೆಚ್ಚು ಸಮಯದಲ್ಲಿ ಮಾಡಿದರೆ ಕಡಿಮೆ ಬಲ ಸಾಕು. ಕಡಿಮೆ ಸಮಯದಲ್ಲಿ ಮಾಡಿದರೆ ಹೆಚ್ಚು ಬಲ ಬೇಕು. ಈ ಮಾತನ್ನು ನೆನಪಿನಲ್ಲಿಡಬೇಕು. ಇದು ಮುಂದೆ ಕೊಳವೆಯೊಳಗೆ ಮತ್ತೆ ಬರುತ್ತದೆ.

ವೇಗ ಇಮ್ಮಡಿಯಾದರೆ

ಚಲಿಸುವ ವಸ್ತುವಿನಲ್ಲಿ ಚಲನೆಯ ಕಾರಣದಿಂದಲೇ ಇರುವ ಶಕ್ತಿಗೆ ಚಲನಶಕ್ತಿ ಎನ್ನುತ್ತಾರೆ. ಅದು ದ್ರವ್ಯರಾಶಿಗೆ ಅನುಗುಣವಾಗಿ ಏರುತ್ತದೆ, ಆದರೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಮಡಿ. ಹೆದ್ದಾರಿಯ ಪಕ್ಕದಲ್ಲಿ ಶಾಲೆಯಿರುವ ಪಂಚಾಯತಿಗಳ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಒಂದು ಸೆಕೆಂಡಿನಲ್ಲಿ 8 ಮೀಟರಿಗೂ ತುಸು ಹೆಚ್ಚು ಸಾಗುತ್ತದೆ. ರಸ್ತೆಗಿಳಿದ ಮಗುವನ್ನು ಕಂಡು ಚಾಲಕರ ಕಾಲು ಬ್ರೇಕನ್ನು ಮುಟ್ಟಲು ಒಂದು ಸೆಕೆಂಡು ಹಿಡಿಯಿತೆಂದು ಇಟ್ಟುಕೊಳ್ಳೋಣ. ವಾಹನ ಅಷ್ಟರಲ್ಲಿ 8 ಮೀಟರ್ ಬಂದಿರುತ್ತದೆ. ಪ್ರತಿ ಸೆಕೆಂಡಿಗೆ ವೇಗವನ್ನು 5 ಮೀಟರಿನಷ್ಟು ತಗ್ಗಿಸುವ ಬ್ರೇಕಿದ್ದರೆ, ನಿಲ್ಲಲು ಇನ್ನೂ 7 ಮೀಟರ್ ಬೇಕು. ಒಟ್ಟು 15 ಮೀಟರ್. ಅದೇ ವಾಹನ 60 ಕಿಲೋಮೀಟರ್ ವೇಗದಲ್ಲಿದ್ದರೆ ಬ್ರೇಕ್ ಮುಟ್ಟುವ ಮುನ್ನ ಸಾಗುವ ದೂರ 17 ಮೀಟರ್, ಬ್ರೇಕ್ ಹಿಡಿದ ಮೇಲೆ 28 ಮೀಟರ್. ಒಟ್ಟು 45 ಮೀಟರ್. ಮಳೆ ಬಿದ್ದ ರಸ್ತೆಯಲ್ಲಿ ಇದು ಇನ್ನೂ ಹೆಚ್ಚು. ವೇಗದ ಮಿತಿಯ ಫಲಕವನ್ನು ಶಾಲೆಯ ಗೇಟಿನ ಎದುರಿಗೇ ನೆಟ್ಟರೆ ಪ್ರಯೋಜನವಿಲ್ಲ; ಗೇಟಿಗೆ ಸಾಕಷ್ಟು ದೂರದಲ್ಲಿಯೇ ಅದು ಚಾಲಕರಿಗೆ ಕಾಣಬೇಕು. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ 15 ಮೀಟರ್, 45 ಮೀಟರ್ ಗೆರೆಗಳನ್ನು ಎಳೆದು ಮಕ್ಕಳನ್ನು ಎರಡೂ ತುದಿಗಳಲ್ಲಿ ನಿಲ್ಲಿಸಿದರೆ, ಅಂತರವನ್ನು ಅವರು ಮರೆಯಲಾರರು.

ಬ್ರೇಕ್ ಹಾಕಿದಾಗ ಆ ಶಕ್ತಿ ಎಲ್ಲಿ ಹೋಯಿತು? ಬ್ರೇಕಿನ ಭಾಗಗಳಲ್ಲಿ ಶಾಖವಾಗಿ ಗಾಳಿಗೆ ಸೇರಿತು. ಇಂದಿರಾನಗರ, ಕೃಷ್ಣರಾಜಪುರದ ಕಡೆ ಸಾಗುವ ಮೆಟ್ರೊ ರೈಲು ನಿಲ್ದಾಣ ಸಮೀಪಿಸಿ ವೇಗ ತಗ್ಗಿಸುವಾಗ, ಅದರ ಮೋಟಾರುಗಳೇ ಜನರೇಟರಿನಂತೆ ವರ್ತಿಸಿ, ಚಲನಶಕ್ತಿಯ ಒಂದಂಶವನ್ನು ವಿದ್ಯುತ್ತಾಗಿ ಹಿಂದಿರುಗಿಸುತ್ತವೆ. ಬಸ್ಸಿನ ಶಕ್ತಿ ಕಳೆದುಹೋಗುತ್ತದೆ ಎನ್ನುವಾಗಲೂ ಅದು ಇಲ್ಲವಾಗುತ್ತದೆ ಎಂದರ್ಥವಲ್ಲ. ನಮ್ಮ ಉಪಯೋಗಕ್ಕೆ ಸಿಗದ ರೂಪಕ್ಕೆ ಹೋಗುತ್ತದೆ ಎಂದಷ್ಟೇ ಅರ್ಥ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು. ಪಂಚಾಯತಿಯ ಜಮಾ-ಖರ್ಚಿನ ಪುಸ್ತಕದಂತೆ ಎರಡೂ ಬದಿ ಯಾವಾಗಲೂ ತಾಳೆಯಾಗಲೇಬೇಕು.

ಕೊಳವೆಯೊಳಗಿನ ಬಸ್ಸು

ಜಡತ್ವವು ಬಸ್ಸಿನ ಪ್ರಯಾಣಿಕರಿಗೆ ಮಾತ್ರ ಸೇರಿದ್ದಲ್ಲ, ನೀರಿಗೂ ಇದೆ. ನಾಲ್ಕು ಅಂಗುಲ ವ್ಯಾಸದ ಕೊಳವೆಯ ಪ್ರತಿ ಮೀಟರಿನಲ್ಲಿ ಸುಮಾರು 8 ಲೀಟರ್ ನೀರಿರುತ್ತದೆ. ಒಂದು ಕಿಲೋಮೀಟರ್ ಉದ್ದದ ಮಾರ್ಗದಲ್ಲಿ 8,000 ಲೀಟರ್, ಅಂದರೆ 8 ಟನ್. ಒಂದು ಲಾರಿಯಷ್ಟು ತೂಕದ ನೀರು ನೆಲದಡಿಯಲ್ಲಿ ಸೆಕೆಂಡಿಗೆ ಒಂದು ಮೀಟರಿನಂತೆ ಓಡುತ್ತಿದೆ. ವಾಲ್ವ್ ಮುಚ್ಚುವುದೆಂದರೆ ಆ ಲಾರಿಗೆ ಬ್ರೇಕ್ ಹಾಕಿದಂತೆ.

ನೀರುಗಂಟಿಯವರು ವಾಲ್ವನ್ನು ಹತ್ತು ಸೆಕೆಂಡುಗಳಲ್ಲಿ ಮುಚ್ಚಿದರೆ, ಎರಡನೆಯ ನಿಯಮದ ಪ್ರಕಾರ ನೀರು ವಾಲ್ವಿನ ಮೇಲೆ ಹೇರುವ ಹೆಚ್ಚುವರಿ ಬಲ ಸರಾಸರಿ 800 ನ್ಯೂಟನ್. ನಾಲ್ಕು ಅಂಗುಲದ ಬಾಯಿಗೆ ಎಂಬತ್ತು ಕಿಲೋ ತೂಕದ ಮನುಷ್ಯ ಒರಗಿದಷ್ಟು. ಒಂದು ನಿಮಿಷ ತೆಗೆದುಕೊಂಡು ನಿಧಾನವಾಗಿ ತಿರುಗಿಸಿದರೆ 130 ನ್ಯೂಟನ್ನಿಗೆ ಇಳಿಯುತ್ತದೆ. ಗಕ್ಕನೆ ಮುಚ್ಚಿದರೆ ಒತ್ತಡದ ಅಲೆಯೊಂದು ಕೊಳವೆಯುದ್ದಕ್ಕೂ ಹಿಂದಕ್ಕೆ ಹೊಡೆಯುತ್ತದೆ. ಅದರ ಪೆಟ್ಟು ಈ ಲೆಕ್ಕಗಳ ಹಲವು ಪಟ್ಟು. ವಾಲ್ವ್ ಮುಚ್ಚಿದಾಗ ಕೊಳವೆ 'ಧಡ್' ಎಂದು ಸದ್ದು ಮಾಡುವುದು ಇದರಿಂದಲೇ. ಜೋಡಣೆಗಳು ಸಡಿಲವಾಗುವುದಕ್ಕೂ, ಪಿವಿಸಿ ಕೊಳವೆ ಸೀಳುವುದಕ್ಕೂ ಇದು ಒಂದು ಮುಖ್ಯ ಕಾರಣ. ಪದೇ ಪದೇ ಒಂದೇ ಸ್ಥಳದಲ್ಲಿ ಕೊಳವೆ ಒಡೆಯುತ್ತಿದ್ದರೆ, ಗುತ್ತಿಗೆದಾರರ ಕಾಮಗಾರಿಯನ್ನು ಪರಿಶೀಲಿಸುವುದರ ಜೊತೆಗೆ, ವಾಲ್ವ್ ಮುಚ್ಚುವ ಕ್ರಮವನ್ನೂ ಒಮ್ಮೆ ನಿಂತು ನೋಡುವುದು ಒಳ್ಳೆಯದು. ಅದಕ್ಕೆ ಖರ್ಚಿಲ್ಲ.

ಕೆಲಸ ಎಂದರೇನು

ಮೂಟೆಯನ್ನು ತಲೆಯ ಮೇಲೆ ಹೊತ್ತು ಅರ್ಧ ಗಂಟೆ ನಿಂತ ಹಮಾಲಿಗೆ ಬೆವರಿಳಿಯುತ್ತದೆ. ಆದರೆ ಮೂಟೆಯ ಮೇಲೆ ಅವರು ಭೌತವಿಜ್ಞಾನದ ಅರ್ಥದಲ್ಲಿ ಮಾಡಿದ ಕೆಲಸ ಶೂನ್ಯ. ಇದನ್ನು ಕೇಳಿ ಮಕ್ಕಳು ನಗುತ್ತಾರೆ, ಹಮಾಲಿಯ ಮಕ್ಕಳಾದರೆ ಸಿಟ್ಟಾಗುತ್ತಾರೆ, ಮತ್ತು ಆ ಸಿಟ್ಟು ನ್ಯಾಯವಾದದ್ದೇ. ಅವರ ಸ್ನಾಯುಗಳೊಳಗೆ ಶಕ್ತಿ ಖರ್ಚಾಗಿ ಶಾಖವಾಗುತ್ತಿದೆ. ಕೂಲಿ ಕೊಡಬೇಕಾದದ್ದು ಅದಕ್ಕೆ. ವಿಜ್ಞಾನವು 'ಕೆಲಸ' ಎಂಬ ಪದವನ್ನು ಒಂದು ಸೀಮಿತ ಅರ್ಥಕ್ಕೆ ಕಟ್ಟಿಕೊಂಡಿದೆ, ಅಷ್ಟೆ: ಬಲವನ್ನು, ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ. ಮೂಟೆಯನ್ನು ನೆಲದಿಂದ ತಲೆಗೆ ಎತ್ತಿದಾಗ ಕೆಲಸವಾಗುತ್ತದೆ, ಮತ್ತು ಆ ಕೆಲಸ ಮೂಟೆಯಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಉಳಿಯುತ್ತದೆ. ಕೈ ಬಿಟ್ಟರೆ ಅದು ಚಲನಶಕ್ತಿಯಾಗಿ ಕೆಳಕ್ಕೆ ಬರುತ್ತದೆ.

ಮೇಲೆತ್ತುವ ಕೆಲಸದ ಲೆಕ್ಕ ಸುಲಭ. ಕಿಲೋಗ್ರಾಂಗಳನ್ನು 9.8ರಿಂದ, ಬಳಿಕ ಎತ್ತರದ ಮೀಟರುಗಳಿಂದ ಗುಣಿಸಬೇಕು. ಉತ್ತರ ಜೌಲ್‌ಗಳಲ್ಲಿ ಬರುತ್ತದೆ. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಹತ್ತು ಮೀಟರ್ ಆಳದ ಸೇದುಬಾವಿಯಿಂದ ಹತ್ತು ಲೀಟರ್ ನೀರನ್ನು ಮೇಲೆತ್ತಲು 980 ಜೌಲ್ ಸಾಕು. ಅಂದರೆ, ನಮ್ಮ ಹಿರಿಯ ಹೆಣ್ಣುಮಕ್ಕಳು ಅಂಥ ಬಾವಿಯಿಂದ 3,600ಕ್ಕೂ ಹೆಚ್ಚು ಸಲ ಬಿಂದಿಗೆ ಸೇದಿದರೆ ಒಂದು ಯೂನಿಟ್ಟಿನಷ್ಟು ಕೆಲಸವಾಗುತ್ತಿತ್ತು. ಒಂದು ಯೂನಿಟ್ ಎಂಬುದು ಎಷ್ಟು ದೊಡ್ಡ ದುಡಿಮೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ದಂಡು ಪ್ರದೇಶದ ನೀರು ಏರಿ ಬಂದ ದಾರಿ

ಬೆಂಗಳೂರು ಎತ್ತರದ ದಿಬ್ಬದ ಮೇಲಿರುವ ನಗರ; ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್. ನದಿಗಳು ಅದಕ್ಕಿಂತ ಕೆಳಗೆ ಹರಿಯುತ್ತವೆ. ಶಿವಾಜಿನಗರ ಸೇರಿದಂತೆ ದಂಡು ಪ್ರದೇಶದ ಜನರು ಒಂದು ಕಾಲಕ್ಕೆ ಹಲಸೂರು ಕೆರೆಯಂಥ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿದ್ದರು. 1890ರ ದಶಕದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ ನಗರಕ್ಕೆ ಕಳುಹಿಸಲಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. 1974ರಲ್ಲಿ ಕಾವೇರಿಯ ಮೊದಲ ಹಂತ. ಪ್ರತಿ ಸಲವೂ ನೀರಿನ ಮೂಲ ಇನ್ನಷ್ಟು ದೂರಕ್ಕೆ ಹೋಯಿತು. ಕಾವೇರಿಯ ವೇಳೆಗೆ ಬಹಳ ಕೆಳಕ್ಕೂ ಇಳಿಯಿತು.

ಕಾವೇರಿಯ ನೀರು ಶಿವ ಅಣೆಕಟ್ಟೆಯಿಂದ ನೆಟ್ಕಲ್ ಸಮತೋಲನ ಜಲಾಶಯದ ಮೂಲಕ ತೊರೆಕಾಡನಹಳ್ಳಿಗೆ ತಾನಾಗಿಯೇ ಹರಿದು ಬರುತ್ತದೆ. ಅಲ್ಲಿಗೆ ಗುರುತ್ವದ ಉಪಕಾರ ಮುಗಿಯಿತು. ಅಲ್ಲಿಂದ ಮುಂದೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಮೆಟ್ಟಿಲುಗಳಲ್ಲಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಅದನ್ನು ಏರಿಸುತ್ತವೆ. ಸಾವಿರ ಲೀಟರಿಗೆ ಲೆಕ್ಕ ಹಾಕೋಣ: 1,000 ಕಿಲೋಗ್ರಾಂ, 9.8, 500 ಮೀಟರ್. ಗುಣಿಸಿದರೆ 49 ಲಕ್ಷ ಜೌಲ್, ಅಂದರೆ 1.36 ಯೂನಿಟ್. ಇದು ಪಂಪಿನಲ್ಲಿಯೂ ಮೋಟಾರಿನಲ್ಲಿಯೂ ಯಾವ ನಷ್ಟವೂ ಇಲ್ಲದಿದ್ದಾಗಿನ ಕನಿಷ್ಠ ಮೊತ್ತ. ಪಂಪು ಮತ್ತು ಮೋಟಾರು ಸೇರಿ ನೂರಕ್ಕೆ ಎಪ್ಪತ್ತರಷ್ಟು ದಕ್ಷವಾಗಿದ್ದರೂ ಇದು ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದಿಂದ, ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಉದ್ದೇಶಿಸಿ, ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆಯಿದೆ. ಅಷ್ಟು ನೀರನ್ನು ಅಷ್ಟೆತ್ತರಕ್ಕೆ ಏರಿಸಲು ದಿನವೊಂದಕ್ಕೆ ಕನಿಷ್ಠ ಹತ್ತೂವರೆ ಲಕ್ಷ ಯೂನಿಟ್ ಬೇಕೆಂದು ಮೇಲಿನ ಸೂತ್ರವೇ ಹೇಳುತ್ತದೆ.

ಇದೇ ನದಿಯ ಇನ್ನೊಂದು ಮುಖವೂ ಅಲ್ಲಿಯೇ ಇದೆ. ಅಣೆಕಟ್ಟೆಯ ಕೆಳಗೆ ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಅಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳುಹಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಅದರಿಂದ ಬೆಳಗಿದವು. ಮೇಲಿನಿಂದ ಬೀಳುವ ನೀರಿನ ಪ್ರಚ್ಛನ್ನ ಶಕ್ತಿಯೇ ಟರ್ಬೈನಿನ ಚಲನಶಕ್ತಿಯಾಗಿ, ಮುಂದೆ ವಿದ್ಯುತ್ತಾಗಿ ಬದಲಾಯಿತು. ಸಾವಿರ ಲೀಟರ್ ನೀರು 100 ಮೀಟರ್ ಬಿದ್ದರೆ ಹೆಚ್ಚೆಂದರೆ 0.27 ಯೂನಿಟ್ ದೊರೆಯುತ್ತದೆ. ಅಂದರೆ ಯಾವ ನಷ್ಟವೂ ಇಲ್ಲವೆಂದು ಊಹಿಸಿದರೂ, ಐದು ಬಿಂದಿಗೆ ನೀರು ಅಷ್ಟೆತ್ತರದಿಂದ ಬಿದ್ದು ದುಡಿದರೆ ಒಂದು ಬಿಂದಿಗೆ ನೀರು ಬೆಂಗಳೂರಿಗೆ ಏರೀತು.

ನಮ್ಮ ಟ್ಯಾಂಕು, ನಮ್ಮ ಬಿಲ್ಲು

ಈಗ ಹಳ್ಳಿಗೆ ಬರೋಣ. ಊರಿಗೆ ದಿನವೂ 50,000 ಲೀಟರ್ ನೀರು ಬೇಕು. ಕೊಳವೆಬಾವಿಯಲ್ಲಿ ಪಂಪು ಓಡುವಾಗ ನೀರಿನ ಮಟ್ಟ 185 ಮೀಟರ್, ಅಂದರೆ ಸುಮಾರು 600 ಅಡಿ ಆಳದಲ್ಲಿದೆ. ಮೇಲಿನ ಟ್ಯಾಂಕಿನ ಎತ್ತರ 15 ಮೀಟರ್. ಒಟ್ಟು 200 ಮೀಟರ್. ಗುಣಿಸಿದರೆ 980 ಲಕ್ಷ ಜೌಲ್, ಸುಮಾರು 27 ಯೂನಿಟ್. ಹಳೆಯ ಪಂಪು, ಸುತ್ತಿ ಸುತ್ತಿ ರಿಪೇರಿಯಾದ ಮೋಟಾರು ಸೇರಿ ನೂರಕ್ಕೆ ನಲವತ್ತರಷ್ಟು ಮಾತ್ರ ದಕ್ಷವಾಗಿದ್ದರೆ ಮೀಟರು ತೋರಿಸುವುದು 68 ಯೂನಿಟ್. ಉಳಿದ 41 ಯೂನಿಟ್ ಮೋಟಾರಿನ ಸುರುಳಿಯಲ್ಲಿ, ಬೇರಿಂಗಿನಲ್ಲಿ, ಪಂಪಿನೊಳಗೆ ಶಾಖವಾಗಿ ಹೋಯಿತು. ಬ್ರೇಕ್ ಹಾಕಿದ ಬಸ್ಸಿನ ಶಕ್ತಿ ಹೋದಂತೆಯೇ.

ಅದೇ ಊರಿನಲ್ಲಿ ನೀರು 300 ಅಡಿಯಲ್ಲಿಯೇ ಸಿಗುವಂತಿದ್ದರೆ, ಅದೇ ಹಳೆಯ ಪಂಪಿನಿಂದಲೂ ಸುಮಾರು 36 ಯೂನಿಟ್ ಸಾಕಾಗುತ್ತಿತ್ತು. ಕೆರೆಯ ಹೂಳೆತ್ತುವ, ಇಂಗುಗುಂಡಿ ತೋಡುವ ಕಾಮಗಾರಿಯನ್ನು ಸಭೆಯಲ್ಲಿ ಚರ್ಚಿಸುವಾಗ ಈ ಅಂತರವನ್ನೂ ಮುಂದಿಡಬಹುದು. ಇನ್ನು ಸೋರಿಕೆ: ಏರಿಸಿದ ನೀರಿನಲ್ಲಿ ಐದನೆಯ ಒಂದು ಭಾಗ ದಾರಿಯಲ್ಲಿ ಸೋರಿದರೆ ದಿನಕ್ಕೆ 13.6 ಯೂನಿಟ್, ತಿಂಗಳಿಗೆ 400ಕ್ಕೂ ಹೆಚ್ಚು ಯೂನಿಟ್ ಚರಂಡಿಗೆ ಹರಿದಂತೆ. ಬಿಲ್ಲಿನಲ್ಲಿರುವ ದರದಿಂದ ಗುಣಿಸಿದರೆ ರೂಪಾಯಿಯ ಲೆಕ್ಕ ಸಿಗುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ನೀರು ಸಾಲುತ್ತಿಲ್ಲವೆಂದರೆ ದೊಡ್ಡ ಮೋಟಾರು ಹಾಕಿಸಿ ಎಂಬ ಬೇಡಿಕೆ ಕೂಡಲೇ ಬರುತ್ತದೆ. ಅಶ್ವಶಕ್ತಿ ಎಂಬುದು ಶಕ್ತಿಯ ಮೊತ್ತವಲ್ಲ, ಶಕ್ತಿಯನ್ನು ವ್ಯಯಿಸುವ ದರ. ಒಂದು ಅಶ್ವಶಕ್ತಿ ಎಂದರೆ ಸೆಕೆಂಡಿಗೆ 746 ಜೌಲ್. ಇದಕ್ಕೆ ವಿಜ್ಞಾನದಲ್ಲಿ ಸಾಮರ್ಥ್ಯವೆನ್ನುತ್ತಾರೆ. ದೊಡ್ಡ ಮೋಟಾರು ಅದೇ ನೀರನ್ನು ಬೇಗ ಎತ್ತುತ್ತದೆ, ಅಷ್ಟೆ. ಬಂಡೆಯ ಬಿರುಕುಗಳಿಂದ ಬಾವಿಗೆ ಒಸರುವ ನೀರು ಅದರಿಂದ ಹೆಚ್ಚುವುದಿಲ್ಲ. ಒಸರು ಕಡಿಮೆಯಿದ್ದಲ್ಲಿ ದೊಡ್ಡ ಪಂಪು ಬೇಗ ಬರಿದು ಮಾಡಿ, ಒಣಗಿ ಓಡಿ, ಸುಟ್ಟುಹೋಗುತ್ತದೆ.

ಹಾಗೆಯೇ ದಿಣ್ಣೆಯ ಮೇಲಿನ ಮನೆಗಳಿಗೆ ನೀರು ಏರದಿದ್ದಾಗ ಹೆಚ್ಚು ಲೀಟರಿನ ಟ್ಯಾಂಕು ಕಟ್ಟಿದರೆ ಸಮಸ್ಯೆ ತೀರದು. ನಲ್ಲಿಯಲ್ಲಿನ ಒತ್ತಡವನ್ನು ನಿರ್ಧರಿಸುವುದು ಟ್ಯಾಂಕಿನ ಅಗಲವಲ್ಲ, ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು. ಟ್ಯಾಂಕಿನ ನೀರು 15 ಮೀಟರ್ ಎತ್ತರದಲ್ಲಿದ್ದು, ದಿಣ್ಣೆಯ ಮನೆಯ ನಲ್ಲಿ 9 ಮೀಟರ್ ಎತ್ತರದಲ್ಲಿದ್ದರೆ ಉಳಿಯುವುದು 6 ಮೀಟರ್ ಮಾತ್ರ. ಉದ್ದನೆಯ ಸಣ್ಣ ಕೊಳವೆಯ ಘರ್ಷಣೆ ಅದನ್ನೂ ತಿಂದುಹಾಕುತ್ತದೆ. ಅಲ್ಲಿ ಬೇಕಾದದ್ದು ಎತ್ತರ, ಅಥವಾ ದಪ್ಪ ಕೊಳವೆ, ಇಲ್ಲವೇ ಆ ಬೀದಿಗೆ ಪ್ರತ್ಯೇಕ ಸರದಿ.

ಅರಿವು ಕೇಂದ್ರದಲ್ಲಿ ಮಕ್ಕಳಿಂದ ಮಾಡಿಸಬಹುದಾದ ಅಭ್ಯಾಸವೊಂದನ್ನು ಇಲ್ಲಿ ಸೂಚಿಸಿದೆ. ಟ್ಯಾಂಕಿನ ಎತ್ತರವನ್ನು ಅದರ ನೆರಳಿನಿಂದ ಅಳೆಯಲಿ: ಒಂದು ಮೀಟರ್ ಕೋಲಿನ ನೆರಳಿಗೂ ಟ್ಯಾಂಕಿನ ನೆರಳಿಗೂ ಇರುವ ಅನುಪಾತವೇ ಎತ್ತರಗಳ ಅನುಪಾತ. ಕೊಳವೆಬಾವಿಯ ನೀರಿನ ಮಟ್ಟವನ್ನು ಪಂಚಾಯತಿಯ ದಾಖಲೆಯಿಂದ ಪಡೆಯಲಿ. ಪಂಪು ಚಾಲೂ ಮಾಡುವ ಮುನ್ನ ಮತ್ತು ಟ್ಯಾಂಕು ತುಂಬಿದ ಮೇಲೆ ನೀರುಗಂಟಿಯವರು ಓದಿ ಹೇಳಿದ ಮೀಟರಿನ ಅಂಕಿಗಳನ್ನು ಬರೆದುಕೊಳ್ಳಲಿ. ಮೀಟರು ಪೆಟ್ಟಿಗೆಯನ್ನು ಮಕ್ಕಳು ಮುಟ್ಟಕೂಡದು. ಸೂತ್ರದಿಂದ ಬಂದ ಯೂನಿಟ್ಟುಗಳನ್ನು ಮೀಟರು ತೋರಿಸಿದ ಯೂನಿಟ್ಟುಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ಊರಿನ ಪಂಪಿನ ದಕ್ಷತೆ ದೊರೆಯುತ್ತದೆ. ಆ ಅಂಕಿಯನ್ನು ದಿನಾಂಕ ಸಹಿತ ಗೋಡೆಯ ಮೇಲೆ ಬರೆದಿಟ್ಟು, ಆರು ತಿಂಗಳ ನಂತರ ಅದೇ ಮಕ್ಕಳಿಂದ ಮತ್ತೊಮ್ಮೆ ಅಳೆಯಿಸಿ, ಎರಡೂ ಅಂಕಿಗಳನ್ನು ಸಾಮಾನ್ಯ ಸಭೆಯ ಮುಂದೆ ಇಡಬಹುದು.